ಹೊಳೆಗೋ, ಹೂದೋಟಕ್ಕೋ?

ಬ್ರಿಟನ್ನಿನ ಚಿತಾಗಾರಗಳ ಹಿಂದೆ ಹುಲ್ಲುಹಾಸು, ಗುಲಾಬಿ ಗಿಡಗಳ ತೋಟಗಳಿವೆ. ಸುಟ್ಟ ದೇಹದ ಬೂದಿಯನ್ನು ಅಲ್ಲಿಯ ಹುಲ್ಲಿನ ಮೇಲೆ ಹರಡುವುದು ಆ ದೇಶದಲ್ಲಿ ಈಗ ಮಾಮೂಲಿ ಸಂಗತಿ. ಕಾವೇರಿಯನ್ನೋ ಗೋಕರ್ಣದ ಕಡಲನ್ನೋ ನೆನೆಯುವ ಕನ್ನಡಿಗರೂ ಅಲ್ಲಿ ಈ ತೋಟದ ಮುಂದೆ ನಿಂತು ಯೋಚಿಸಬೇಕಾಗಿದೆ.

ಸಾವಿನ ಮನೆಯಲ್ಲಿ ತುಂಬಬೇಕಾದ ಅರ್ಜಿಗಳು ಒಂದೆರಡಲ್ಲ. ಇಂಗ್ಲೆಂಡಿನಲ್ಲಿ ದಹನಕ್ಕೆ ಅನುಮತಿ ಕೋರುವ ಅರ್ಜಿಯಲ್ಲಿ ಸತ್ತವರ ಹೆಸರು, ವಯಸ್ಸು, ಸತ್ತ ದಿನ, ಅರ್ಜಿದಾರರಿಗೂ ಅವರಿಗೂ ಇದ್ದ ಸಂಬಂಧ ಎಲ್ಲವನ್ನೂ ಕೇಳಲಾಗುತ್ತದೆ. ಜೊತೆಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ: ಬೂದಿಯನ್ನು ಏನು ಮಾಡಬೇಕು? ಮನೆಯವರು ಬಂದು ಒಯ್ಯಬಹುದು. ಅಂತ್ಯಕ್ರಿಯೆಯ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆಯವರ ಕೈಗೆ ಕೊಡಿಸಬಹುದು. ಇಲ್ಲವೇ ಚಿತಾಗಾರದ ತೋಟದಲ್ಲಿ ಹರಡಲು ಹೇಳಬಹುದು.

ಅತ್ತು ಸುಸ್ತಾದ ಕಣ್ಣುಗಳಿಗೆ ಇದೂ ಉಳಿದವುಗಳ ಹಾಗೆ ಇನ್ನೊಂದು ಪ್ರಶ್ನೆಯಂತೆ ಕಾಣುತ್ತದೆ. ಆದರೆ ಹೆಸರು ತಪ್ಪಾಗಿದ್ದರೆ ತಿದ್ದಬಹುದು, ತಾರೀಖು ತಪ್ಪಿದ್ದರೆ ಹೊಡೆದುಹಾಕಿ ಬರೆಯಬಹುದು. ಹುಲ್ಲಿನ ಮೇಲೆ ಹರಡಿದ ಬೂದಿಯನ್ನು ಮರಳಿ ಪಡೆಯುವ ದಾರಿಯಿಲ್ಲ. ಆ ಇಡೀ ಕಾಗದದಲ್ಲಿ ನಿಧಾನವಾಗಿ ಯೋಚಿಸಿ ಬರೆಯಬೇಕಾದ ಉತ್ತರ ಇದೇ.

ಕೆಂಪಿಟ್ಟಿಗೆಯ ಗೋಡೆಯಾಚೆ

ಲಂಡನ್ನಿನ ವಾಯವ್ಯ ದಿಕ್ಕಿಗೆ ಗೋಲ್ಡರ್ಸ್ ಗ್ರೀನ್ ಎಂಬ ಬಡಾವಣೆಯಿದೆ. ಅಲ್ಲಿಯ ಹೂಪ್ ಲೇನ್ ಎಂಬ ರಸ್ತೆಯ ಒಂದು ಮಗ್ಗುಲಿಗೆ ಯಹೂದಿಗಳ ಸ್ಮಶಾನ, ಎದುರು ಮಗ್ಗುಲಿಗೆ ಕೆಂಪಿಟ್ಟಿಗೆಯ ಉದ್ದನೆಯ ಕಟ್ಟಡ. ಇಟಲಿಯ ಲೊಂಬಾರ್ಡಿ ಸೀಮೆಯ ಹಳೆಯ ಚರ್ಚುಗಳ ಮಾದರಿಯಲ್ಲಿ ಕಟ್ಟಿದ್ದು. ದೂರದಿಂದ ನೋಡಿದವರಿಗೆ ಗಂಟೆಯ ಗೋಪುರದಂತೆ ಕಾಣುವುದು ನಿಜವಾಗಿ ಹೊಗೆ ಕೊಳವೆ. ಅರ್ನೆಸ್ಟ್ ಜಾರ್ಜ್ ಎಂಬ ವಾಸ್ತುಶಿಲ್ಪಿಯ ಈ ಚಿತಾಗಾರ 1902ರಲ್ಲಿ ಬಾಗಿಲು ತೆರೆಯಿತು. ಅಂದಿನಿಂದ ಇಂದಿನವರೆಗೆ ಇಲ್ಲಿ ಸುಟ್ಟ ದೇಹಗಳ ಸಂಖ್ಯೆ 3 ಲಕ್ಷ ಮೀರಿದೆ.

ಕಟ್ಟಡ ದಾಟಿದರೆ ತೋಟ. ಸುಮಾರು 12 ಎಕರೆ. ಅದನ್ನು ರೂಪಿಸಿದವನು ವಿಲಿಯಂ ರಾಬಿನ್ಸನ್ ಎಂಬ ಹೆಸರಾಂತ ತೋಟಗಾರ. ಗೆರೆ ಎಳೆದಂತೆ ಕತ್ತರಿಸಿದ ಗಿಡಗಳ ಶಿಸ್ತು ಅವನಿಗೆ ಹಿಡಿಸುತ್ತಿರಲಿಲ್ಲ. ಗಿಡಗಳು ತಮ್ಮಿಷ್ಟದಂತೆ ಬೆಳೆದ ಹಾಗೆ ಕಾಣಬೇಕು ಎಂಬುದು ಅವನ ಪಂಥ. ಸ್ಮಶಾನಗಳೆಂದರೆ ಕಲ್ಲುಗಳ ಕಾಡಾಗಬಾರದು, ಸುಟ್ಟ ಬೂದಿಗೆ ತೋಟವೇ ತಕ್ಕ ಜಾಗ ಎಂದು ಅವನು 1880ರಲ್ಲೇ ಒಂದು ಪುಸ್ತಕ ಬರೆದಿದ್ದ. ಚಳಿಗಾಲ ಮುಗಿಯುವ ಹೊತ್ತಿಗೆ ಇಲ್ಲಿಯ ಹುಲ್ಲಿನ ನಡುವೆ ಕ್ರೋಕಸ್ ಹೂಗಳು ನೇರಳೆ, ಬಿಳಿ, ಹಳದಿ ಬಣ್ಣಗಳಲ್ಲಿ ಏಳುತ್ತವೆ. ಅದೇ ಹುಲ್ಲಿನ ಮೇಲೆ ಬೂದಿಯನ್ನು ಹರಡುತ್ತಾರೆ.

ದೊಡ್ಡ ಹೆಸರುಗಳಿಗೂ ಇಲ್ಲಿ ಕೊರತೆಯಿಲ್ಲ. ಮನಸ್ಸಿನ ಒಳಕೋಣೆಗಳನ್ನು ಹುಡುಕಿದ ಸಿಗ್ಮಂಡ್ ಫ್ರಾಯ್ಡ್ 1939ರಲ್ಲಿ ಇಲ್ಲಿ ಬೂದಿಯಾದ. ಅವನ ಬೂದಿಯನ್ನು ಪುರಾತನ ಗ್ರೀಕ್ ಹೂಜಿಯೊಂದರಲ್ಲಿ ಇಟ್ಟಿದ್ದರು. 2014ರ ಹೊಸ ವರ್ಷದ ಸುಮಾರಿಗೆ ಕಳ್ಳರು ಒಳನುಗ್ಗಿ ಆ ಹೂಜಿಯನ್ನು ಒಡೆದುಹಾಕಿದರು. ಮುಂಬಯಿಯಲ್ಲಿ ಹುಟ್ಟಿದ ರುಡ್ಯಾರ್ಡ್ ಕಿಪ್ಲಿಂಗ್ 1936ರಲ್ಲಿ ಇಲ್ಲಿ ದಹನವಾದ, ಬೂದಿ ಮಾತ್ರ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯನ್ನು ಸೇರಿತು. ಕೂಚ್ ಬಿಹಾರದ ಮಹಾರಾಜ ನೃಪೇಂದ್ರ ನಾರಾಯಣ 1911ರಲ್ಲಿ ಇಂಗ್ಲೆಂಡಿನ ಕಡಲ ತೀರದ ಊರೊಂದರಲ್ಲಿ ತೀರಿಕೊಂಡಾಗ ಅವನ ಚಿತೆಗೂ ಇದೇ ಗೋಲ್ಡರ್ಸ್ ಗ್ರೀನ್ ಒದಗಿತು. ‘ದಿ ಹೂ’ ವಾದ್ಯವೃಂದದ ಡ್ರಮ್ ವಾದಕ ಕೀತ್ ಮೂನ್ 1978ರಲ್ಲಿ ಸತ್ತಾಗ ಅವನ ಬೂದಿಯನ್ನು ಈ ತೋಟದಲ್ಲೇ ಹರಡಿದರು. ಅವನನ್ನು ನೋಡಲು ಬರುವ ಅಭಿಮಾನಿಗೆ ಸಿಗುವುದು ಹುಲ್ಲು ಮಾತ್ರ.

ಕೊಲ್ಲಾಪುರದ ದೊರೆಯ ಚಿತೆ

ಸುಡುವುದು ಯುರೋಪಿಗೆ ಹೊಸದು. ಕ್ರೈಸ್ತ ಮತ ನೆಲೆಯೂರಿದ ಮೇಲೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಸತ್ತವರನ್ನು ಹೂಳುವುದೇ ರೂಢಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ನಗರಗಳು ಬೆಳೆದವು, ಚರ್ಚಿನ ಅಂಗಳಗಳು ತುಂಬಿದವು. ಗೋರಿಯ ಮೇಲೆ ಗೋರಿ, ನೀರಿಗೆ ಕೊಳೆ, ಊರಿಗೆ ರೋಗ. ಆಗ ಕೆಲವು ವೈದ್ಯರ ಕಣ್ಣು ಬೆಂಕಿಯ ಕಡೆ ಹೊರಳಿತು.

ಈ ಕಥೆಯ ಒಂದು ಎಳೆ ನಮ್ಮ ಬೆಳಗಾವಿಯ ನೆರೆಯ ಕೊಲ್ಲಾಪುರದ್ದು. ಅಲ್ಲಿಯ ಛತ್ರಪತಿ ರಾಜಾರಾಮ ಇಂಗ್ಲೆಂಡ್ ನೋಡಿಕೊಂಡು ಮರಳುವಾಗ 1870ರ ನವೆಂಬರ್ 30ರಂದು ಇಟಲಿಯ ಫ್ಲಾರೆನ್ಸಿನಲ್ಲಿ ತೀರಿಕೊಂಡ. ಇಪ್ಪತ್ತರ ಹರೆಯ. ಜೊತೆಗಿದ್ದವರು ಚಿತೆಗೆ ಅನುಮತಿ ಕೇಳಿದರು. ಊರ ಹೊರಗೆ ಆರ್ನೋ ನದಿಗೆ ಮುನ್ಯೋನೆ ಎಂಬ ಹೊಳೆ ಬಂದು ಕೂಡುವ ಕಡೆ ಸೌದೆ ಒಟ್ಟಿ ದಹನ ಮಾಡಿದರು. ಪರದೇಶದಲ್ಲೂ ಅವರು ಸಂಗಮವನ್ನೇ ಹುಡುಕಿಕೊಂಡಿದ್ದನ್ನು ಗಮನಿಸಬೇಕು. ಅಲ್ಲಿ ಇಂದಿಗೂ ಗುಮ್ಮಟದ ಕೆಳಗೆ ಆ ಎಳೆಯ ದೊರೆಯ ಪ್ರತಿಮೆಯಿದೆ. ಪಕ್ಕದ ಸೇತುವೆಗೆ ‘ಭಾರತೀಯನ ಸೇತುವೆ’ ಎಂಬರ್ಥದ ಹೆಸರಿದೆ.

ಮೂರು ವರ್ಷ ಕಳೆದು 1873ರಲ್ಲಿ ವಿಯೆನ್ನಾದ ವಸ್ತುಪ್ರದರ್ಶನದಲ್ಲಿ ಇಟಲಿಯ ಪ್ರೊಫೆಸರ್ ಬ್ರುನೆಟ್ಟಿ ತನ್ನ ಶವದಹನದ ಕುಲುಮೆಯನ್ನು ಪ್ರದರ್ಶನಕ್ಕಿಟ್ಟ. ವಿಕ್ಟೋರಿಯಾ ರಾಣಿಯ ಶಸ್ತ್ರವೈದ್ಯ ಸರ್ ಹೆನ್ರಿ ಥಾಮ್ಸನ್ ಅದನ್ನು ನೋಡಿದ, ಲೇಖನ ಬರೆದ, 1874ರಲ್ಲಿ ಗೆಳೆಯರನ್ನು ಸೇರಿಸಿ ದಹನ ಸಂಘ ಕಟ್ಟಿದ. ವೋಕಿಂಗ್ ಎಂಬಲ್ಲಿ ಕುಲುಮೆಯೂ ಸಿದ್ಧವಾಯಿತು. ಸುಡಲು ಕಾನೂನಿನ ಧೈರ್ಯವಿರಲಿಲ್ಲ.

ಆ ಧೈರ್ಯ ಬಂದದ್ದು ವೇಲ್ಸ್‌ನ ಒಬ್ಬ ವಿಚಿತ್ರ ಮುದುಕನಿಂದ. ಡಾಕ್ಟರ್ ವಿಲಿಯಂ ಪ್ರೈಸ್ 1884ರಲ್ಲಿ ಸತ್ತ ತನ್ನ ಎಳೆಯ ಮಗುವನ್ನು ಗುಡ್ಡದ ಮೇಲೆ ಸುಡಲು ಹೋದ. ಜನ ರೇಗಿ ಎದ್ದರು, ಪೊಲೀಸರು ಹಿಡಿದರು. ಕಾರ್ಡಿಫ್‌ನಲ್ಲಿ ವಿಚಾರಣೆ ನಡೆಸಿದ ನ್ಯಾಯಾಧೀಶ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್, ಇತರರಿಗೆ ಉಪದ್ರವವಾಗದಂತೆ ಶವ ಸುಡುವುದು ಅಪರಾಧವಲ್ಲ ಎಂದು ತೀರ್ಪಿತ್ತ. ಈತನೇ ಹಿಂದೆ ಭಾರತದ ವೈಸರಾಯ್ ಮಂಡಳಿಯ ಕಾನೂನು ಸದಸ್ಯನಾಗಿದ್ದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ರಚಿಸಿದವನು. ಮರುವರ್ಷ, 1885ರ ಮಾರ್ಚ್ 26ರಂದು, ವೋಕಿಂಗ್‌ನಲ್ಲಿ ಮೊದಲ ದಹನ ನಡೆಯಿತು. ಆ ವರ್ಷ ಒಟ್ಟು ಮೂರೇ. 1902ರಲ್ಲಿ ದಹನದ ಕಾನೂನು ಬಂತು. ಈಗ ಬ್ರಿಟನ್ನಿನಲ್ಲಿ ಸಾಯುವ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿಯನ್ನು ಸುಡುತ್ತಾರೆ.

ಸುಟ್ಟ ಮೇಲೆ ಬೂದಿಯನ್ನು ಎಲ್ಲಿಡಬೇಕು? ಮೊದಲಿಗೆ ಪುರಾತನ ರೋಮಿನವರಂತೆ ಗೋಡೆಯಲ್ಲಿ ಪಾರಿವಾಳದ ಗೂಡಿನಂಥ ಗೂಡುಗಳನ್ನು ಮಾಡಿ ಕುಡಿಕೆಗಳನ್ನು ಜೋಡಿಸಿದರು. ಗೂಡುಗಳಿಗೆ ಬೆಲೆಯಿತ್ತು, ಮಿತಿಯೂ ಇತ್ತು. ತೋಟ ಎಲ್ಲರಿಗೂ ಸಿಗುವಂಥದು. ಹೀಗೆ ಚಿತಾಗಾರಕ್ಕೊಂದು ‘ಸ್ಮರಣೆಯ ತೋಟ’ ಎಂಬುದು ಪದ್ಧತಿಯಾಯಿತು.

ಆ ಬೂದಿ ನಮ್ಮ ಅಸ್ಥಿಯೇ

ನಮ್ಮ ಸೌದೆಯ ಚಿತೆ ಆರಿದ ಮೇಲೆ ಉಳಿಯುವುದರಲ್ಲಿ ಬಹುಪಾಲು ಸೌದೆಯ ಬೂದಿ. ಸಂಚಯನದ ದಿನ ಹಾಲು ತುಪ್ಪ ಬಿಟ್ಟು, ತಣಿಸಿ, ಅದರ ನಡುವಿನಿಂದ ಮೂಳೆಯ ಚೂರುಗಳನ್ನು ಆಯ್ದು ಕುಡಿಕೆಗೆ ತುಂಬುತ್ತೇವೆ. ಬ್ರಿಟನ್ನಿನ ಗ್ಯಾಸಿನ ಕುಲುಮೆಯಲ್ಲಿ ಸೌದೆಯಿಲ್ಲ. 800ರಿಂದ 1,000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದರಿಂದ ಒಂದೂವರೆ ಗಂಟೆ ಉರಿದ ಮೇಲೆ ಶವಪೆಟ್ಟಿಗೆಯ ಮರವೂ ದೇಹದ ಮಾಂಸವೂ ಹೊಗೆಯಾಗಿ ಹೋಗಿರುತ್ತವೆ. ಉಳಿಯುವುದು ಮೂಳೆ. ಅದು ತಣ್ಣಗಾದ ನಂತರ ಮೊಳೆ, ಲೋಹದ ಕೀಲು ಮುಂತಾದವನ್ನು ತೆಗೆದು, ಯಂತ್ರದಲ್ಲಿ ಹಾಕಿ ಒರಟು ಮರಳಿನಷ್ಟು ಸಣ್ಣಗೆ ಪುಡಿ ಮಾಡುತ್ತಾರೆ. ಬೂದುಬಿಳಿ ಬಣ್ಣದ ಈ ಪುಡಿ ವಯಸ್ಕರಿಗೆ ಎರಡು ಮೂರು ಕಿಲೋ ತೂಗುತ್ತದೆ. ಒಂದು ಸಲಕ್ಕೆ ಒಂದೇ ದೇಹ. ಹೆಸರಿನ ಚೀಟಿ ಕುಲುಮೆಯಿಂದ ಕುಡಿಕೆಯವರೆಗೆ ಜೊತೆಗೇ ಸಾಗುತ್ತದೆ.

ಎಂದರೆ, ಅವರು ಬೂದಿ ಎನ್ನುವುದು ನಾವು ಅಸ್ಥಿ ಎನ್ನುವುದನ್ನೇ. ಇದು ತಿಳಿದಿರಬೇಕು. ‘ಬೂದಿಯನ್ನು ತೋಟಕ್ಕೆ ಹಾಕಲಿ, ಅಸ್ಥಿಯನ್ನು ನಾವು ಒಯ್ಯುತ್ತೇವೆ’ ಎಂದುಕೊಂಡರೆ, ಹಾಗೆ ಬೇರೆ ಬೇರೆ ಎರಡು ವಸ್ತುಗಳು ಅಲ್ಲಿಲ್ಲ.

ಗುಲಾಬಿ ಗಿಡಕ್ಕೆ ಈ ಪುಡಿ ಗೊಬ್ಬರವಾಗುತ್ತದೆ ಎಂಬ ಭಾವನೆ ಹಿತವಾದದ್ದು. ಆದರೆ ಮೂಳೆಯ ಬೂದಿಯಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಜೊತೆಗೆ ಉಪ್ಪಿನ ಅಂಶ ಹೆಚ್ಚು, ಕ್ಷಾರವೂ ಹೆಚ್ಚು. ಒಂದೇ ಕಡೆ ಗುಪ್ಪೆ ಹಾಕಿದರೆ ಹುಲ್ಲು ಸುಟ್ಟುಹೋಗುತ್ತದೆ. ಅದಕ್ಕೇ ಪಳಗಿದ ಸಿಬ್ಬಂದಿ ಗಾಳಿಯ ದಿಕ್ಕು ನೋಡಿ, ತಗ್ಗಿ ನಿಂತು, ತೆಳ್ಳಗೆ ಉದ್ದಕ್ಕೆ ಹರಡುತ್ತಾರೆ. ಆಮೇಲೆ ನೀರು ಚಿಮುಕಿಸುತ್ತಾರೆ, ಕುಂಟೆಯಾಡಿಸುತ್ತಾರೆ. ಒಂದು ತುಂಡು ಹುಲ್ಲುಹಾಸನ್ನು ಬಳಸಿದ ಮೇಲೆ ಅದಕ್ಕೆ ವಿಶ್ರಾಂತಿ ಕೊಟ್ಟು ಇನ್ನೊಂದಕ್ಕೆ ಹೋಗುತ್ತಾರೆ. ಮನೆಯವರು ಬಯಸಿದರೆ ಜೊತೆಯಲ್ಲಿ ನಿಲ್ಲಬಹುದು. ಕೆಲವೆಡೆ ತಮ್ಮ ಕೈಯಾರೆ ಹರಡಲೂ ಬಿಡುತ್ತಾರೆ. ಇಡೀ ಕೆಲಸ ಕೆಲವೇ ನಿಮಿಷಗಳದ್ದು.

ತೋಟದ ಕಟ್ಟಳೆ

ಆ ಕೆಲವು ನಿಮಿಷಗಳ ನಂತರದ ವರ್ಷಗಳ ಬಗ್ಗೆ ಮನೆಯವರು ಮೊದಲೇ ವಿಚಾರಿಸಿರುವುದಿಲ್ಲ. ಹುಲ್ಲುಹಾಸಿಗೆ ಒಂದು ಸಂಖ್ಯೆಯೋ ಅಕ್ಷರವೋ ಇರುತ್ತದೆ. ರಿಜಿಸ್ಟರಿನಲ್ಲಿ ಅದು ದಾಖಲಾಗುತ್ತದೆ. ‘ಅಪ್ಪ ಇರುವುದು ಇಂಥ ಭಾಗದಲ್ಲಿ’ ಎನ್ನಬಹುದೇ ಹೊರತು ‘ಇದೇ ಜಾಗ’ ಎಂದು ಬೊಟ್ಟುಮಾಡಲಾಗದು. ಅದೇ ಹುಲ್ಲಿನಲ್ಲಿ ಹಿಂದೆಯೂ ಬೇರೆಯವರ ಬೂದಿ ಬಿದ್ದಿರುತ್ತದೆ, ಮುಂದೆಯೂ ಬೀಳುತ್ತದೆ. ಮಣ್ಣು ಅಗೆದು ಹೂಳುವ ಪದ್ಧತಿ ಬೇರೆ. ಕುಡಿಕೆಯ ಸಮೇತ ಹೂತಿದ್ದರೆ ಅದನ್ನು ಮುಂದೆ ಎತ್ತುವ ಸಾಧ್ಯತೆ ಉಂಟು, ಅದಕ್ಕೂ ಸರ್ಕಾರದ ಅಪ್ಪಣೆ ಬೇಕಾದೀತು. ಹರಡಿದ್ದಕ್ಕೆ ಆ ಪ್ರಶ್ನೆಯೇ ಇಲ್ಲ.

ನೆನಪಿಗೆಂದು ಹೆಸರಿನ ಫಲಕದೊಡನೆ ಗುಲಾಬಿ ಗಿಡ ಕೊಡುತ್ತಾರೆ. ಅದು ಸಾಮಾನ್ಯವಾಗಿ ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಬಾಡಿಗೆಯ ಲೆಕ್ಕದಲ್ಲಿ. ಅವಧಿ ಮುಗಿದಾಗ ಹಣ ಕಟ್ಟದಿದ್ದರೆ ಫಲಕ ಇಳಿಯುತ್ತದೆ. ವಿಳಾಸ ಬದಲಾಗಿ ನೋಟೀಸು ತಲುಪದ ಮನೆಯವರು ಎಷ್ಟೋ ವರ್ಷದ ಮೇಲೆ ಬಂದು ಬೇರೆ ಹೆಸರು ನೋಡಿ ಬೆಚ್ಚುವುದುಂಟು.

ಇನ್ನೊಂದು ಕಟ್ಟಳೆ. ಯಾರೂ ಬಂದು ಒಯ್ಯದ ಬೂದಿಯನ್ನು ಚಿತಾಗಾರದವರು ಎಷ್ಟು ಕಾಲ ಇಟ್ಟುಕೊಳ್ಳಬೇಕು? ಇಂಗ್ಲೆಂಡ್ ಮತ್ತು ವೇಲ್ಸ್‌ನ 2008ರ ನಿಯಮಗಳ ಪ್ರಕಾರ ಅರ್ಜಿದಾರರಿಗೆ 14 ದಿನಗಳ ನೋಟೀಸು ಕೊಟ್ಟು, ತಮ್ಮ ಆವರಣದಲ್ಲಿ ಅದಕ್ಕೆಂದೇ ಮೀಸಲಿಟ್ಟ ನೆಲದಲ್ಲಿ ಗೌರವಪೂರ್ವಕವಾಗಿ ಹೂಳಬಹುದು ಅಥವಾ ಹರಡಬಹುದು. ಬೂದಿಯ ವಿಷಯದಲ್ಲಿ ಅವರು ಕೇಳುವುದು ಅರ್ಜಿಗೆ ಸಹಿ ಹಾಕಿದವರ ಮಾತನ್ನು. ಊರಿನಲ್ಲಿರುವ ಹಿರಿಯಣ್ಣನೋ ಅಮೆರಿಕದಲ್ಲಿರುವ ತಂಗಿಯೋ ಏನು ಬಯಸಿದ್ದರು ಎಂಬುದು ಅವರಿಗೆ ತಿಳಿಯುವ ಬಗೆಯಿಲ್ಲ. ಸಹಿ ಹಾಕುವ ಮುನ್ನ ಫೋನು ಮಾಡಿ ಎಲ್ಲರನ್ನೂ ಒಂದು ಮಾತು ಕೇಳುವುದು ಲೇಸು.

ಹೇಳದೆ ಹರಡಿದ್ದು

ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನಲ್ಲಿ ನಡೆದದ್ದು ಕಣ್ಣು ತೆರೆಸುವಂತಿದೆ. ಎಡಿನ್‌ಬರೋ ನಗರಸಭೆಯ ಮಾರ್ಟನ್‌ಹಾಲ್ ಚಿತಾಗಾರ 1967ರಲ್ಲಿ ಆರಂಭವಾಯಿತು. ಹುಟ್ಟುವ ಮೊದಲೇ ಅಥವಾ ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತ ಕೂಸುಗಳನ್ನು ಅಲ್ಲಿ ಸುಡುತ್ತಿದ್ದರು. ‘ಕೂಸಿನ ಮೂಳೆ ತೀರ ಮೆದು, ಬೂದಿಯೇ ಉಳಿಯುವುದಿಲ್ಲ’ ಎಂದು ತಂದೆತಾಯಿಗಳಿಗೆ ಹೇಳುತ್ತಿದ್ದರು. ಅವರು ನಂಬಿದರು, ಬರಿಗೈಯಲ್ಲಿ ಮನೆಗೆ ಹೋದರು.

2012ರ ಕೊನೆಯಲ್ಲಿ ಸತ್ಯ ಹೊರಬಿತ್ತು. ಬೂದಿ ಉಳಿಯುತ್ತಿತ್ತು. ದಶಕಗಳ ಕಾಲ ಅದನ್ನು ತಂದೆತಾಯಿಗಳಿಗೆ ತಿಳಿಸದೆ ಚಿತಾಗಾರದ ತೋಟದ ಮಣ್ಣಿಗೆ ಸೇರಿಸುತ್ತಿದ್ದರು. ಡೇಮ್ ಎಲಿಶ್ ಆಂಜಲೀನಿ ನಡೆಸಿದ ತನಿಖೆಯ ವರದಿ 2014ರ ಏಪ್ರಿಲ್‌ನಲ್ಲಿ ಬಂತು. ಇಂಥದೇ ದೂರುಗಳು ಬೇರೆ ಊರುಗಳಿಂದಲೂ ಎದ್ದವು. ಲಾರ್ಡ್ ಬೊನೊಮಿ ನೇತೃತ್ವದ ಆಯೋಗದ ಶಿಫಾರಸುಗಳ ನಂತರ 2016ರಲ್ಲಿ ಸ್ಕಾಟ್ಲೆಂಡಿಗೆ ಹೊಸ ಕಾನೂನೇ ಬಂತು. ಬೂದಿಯನ್ನು ಏನು ಮಾಡಬೇಕೆಂದು ಸ್ಪಷ್ಟವಾಗಿ ಕೇಳಿ ಬರೆದುಕೊಳ್ಳುವ ಕ್ರಮಕ್ಕೆ ಈಗ ಬಂದಿರುವ ಬಿಗಿಯ ಹಿಂದೆ ಆ ತಾಯಂದಿರ ಹೋರಾಟವಿದೆ.

ಇದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಕೂಸುಗಳ ಬೂದಿ ಸೇರಿದ್ದು ಹೂವಿನ ತೋಟಕ್ಕೇ. ಜಾಗ ಕೆಟ್ಟದ್ದಾಗಿರಲಿಲ್ಲ. ತಂದೆತಾಯಿಗಳು ಎಲ್ಲಿ ಬಂದು ನಿಲ್ಲಬೇಕೆಂದು ತಿಳಿಯದೆ ವರ್ಷಗಳನ್ನು ಕಳೆದರು ಎಂಬುದೇ ಅವರ ನೋವು.

ಪಂಚಾಂಗ ಮತ್ತು ನಕ್ಷೆ

ಸತ್ತವರನ್ನು ನೆನೆಯಲು ನಮಗೆ ಜಾಗವೇ ಬೇಕೆಂದಿಲ್ಲ. ಶ್ರಾದ್ಧ ಮಾಡುವ ಮನೆಗಳಲ್ಲಿ ಮಾಸ, ಪಕ್ಷ, ತಿಥಿ ಗೊತ್ತಿದ್ದರೆ ಸಾಕು. ಅಜ್ಜನ ಅಸ್ಥಿಯನ್ನು ಪಶ್ಚಿಮವಾಹಿನಿಯ ಯಾವ ಮೆಟ್ಟಿಲಿನ ಬಳಿ ಬಿಟ್ಟರೆಂದು ಮೊಮ್ಮಕ್ಕಳು ಕೇಳುವುದಿಲ್ಲ. ಹರಿಯುವ ನೀರಿಗೆ ವಿಳಾಸವಿಲ್ಲ. ಮಹಾಲಯ ಅಮಾವಾಸ್ಯೆಯಂದು ಊರೂರಲ್ಲಿ ಎಡೆ ಇಡುವ ಮನೆಗಳಿಗೂ ಕ್ಯಾಲೆಂಡರಿನ ಒಂದು ಚೌಕ ಸಾಕು. ನಮ್ಮ ನೆನಪು ಪಂಚಾಂಗದಲ್ಲಿದೆ, ಅವರದು ನಕ್ಷೆಯಲ್ಲಿ.

ಹಾಗೆಂದು ನಕ್ಷೆ ನಮಗೆ ಅಪರಿಚಿತವೇನಲ್ಲ. ಕರ್ನಾಟಕದ ಹಳ್ಳಿಗಳ ಅಂಚಿನಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳು ನಿಂತಿವೆ. ಸತ್ತವರನ್ನು ಹೂಳುವ ಲಿಂಗಾಯತರಲ್ಲಿ ಸಮಾಧಿಯಿದೆ, ಮಠಗಳಲ್ಲಿ ಗದ್ದುಗೆಯಿದೆ. ಹಳೆ ಮೈಸೂರಿನ ಹೊಲಗಳಲ್ಲಿ ಅಪ್ಪ ಅಮ್ಮನನ್ನು ಮಣ್ಣು ಮಾಡಿದ ಕಡೆ ಕಟ್ಟಿದ ಗುಡಿಗಳಿವೆ. ಅತ್ತ ಬ್ರಿಟನ್ನಿನವರಿಗೆ ಪಂಚಾಂಗವೂ ಗೊತ್ತು. ಅನೇಕ ಚಿತಾಗಾರಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ದಪ್ಪನೆಯ ಸ್ಮರಣೆಯ ಪುಸ್ತಕವಿರುತ್ತದೆ. ಆಯಾ ತಾರೀಖಿನಂದು ಸತ್ತವರ ಹೆಸರುಗಳ ಪುಟವನ್ನು ಆಯಾ ದಿನ ತೆರೆದಿಡುತ್ತಾರೆ. ವರ್ಷಕ್ಕೊಮ್ಮೆ ಆ ದಿನ ಮನೆಯವರು ಬಂದು, ಹೆಸರು ಓದಿ, ತೋಟದಲ್ಲಿ ಒಂದು ಸುತ್ತು ಹಾಕಿ ಹೋಗುತ್ತಾರೆ. ನಮ್ಮ ತಿಥಿಗೂ ಇದಕ್ಕೂ ಬಹಳ ದೂರವಿಲ್ಲ.

ಕ್ಯಾಥೊಲಿಕ್ ಚರ್ಚು ಈ ವಿಷಯದಲ್ಲಿ ಜಾಗದ ಪಕ್ಷ. ದಹನಕ್ಕೆ 1963ರಲ್ಲಿ ಒಪ್ಪಿಗೆ ಕೊಟ್ಟ ಅದು, 2016ರ ಸೂಚನೆಯಲ್ಲಿ ಬೂದಿಯನ್ನು ಗಾಳಿಗಾಗಲಿ ನೀರಿಗಾಗಲಿ ನೆಲಕ್ಕಾಗಲಿ ಚೆಲ್ಲಬಾರದು, ಪವಿತ್ರವಾದ ಒಂದು ಸ್ಥಳದಲ್ಲಿ ಇಡಬೇಕು ಎಂದಿತು. ಸತ್ತವರ ಹೆಸರು ಅಳಿಯಬಾರದು ಎಂಬುದು ಅದರ ಕಾಳಜಿ.

ವಿಲಾಯತಿಯಲ್ಲಿ ನೆಲೆಸಿದ ಕನ್ನಡಿಗ ಸಂಸಾರವೊಂದನ್ನು ಊಹಿಸಿಕೊಳ್ಳಿ. ಮಗ ತಿಥಿ ಬಲ್ಲ. ಅಲ್ಲೇ ಹುಟ್ಟಿ ಬೆಳೆದ ಮೊಮ್ಮಗಳಿಗೆ ಭಾದ್ರಪದ ಬಹುಳವೆಂದರೆ ಏನೆಂದು ತಿಳಿಯದು. ಅಜ್ಜಿಯ ಅಸ್ಥಿ ಶ್ರೀರಂಗಪಟ್ಟಣದ ಕಾವೇರಿಯಲ್ಲಿ ಹರಿದುಹೋದರೆ ಅವಳಿಗೆ ಉಳಿಯುವುದು ಫೋಟೋ ಮಾತ್ರ. ಬಸ್ಸು ಹತ್ತಿ ಹೋಗಬಹುದಾದ ಒಂದು ತೋಟವಿದ್ದರೆ ಅವಳಿಗೊಂದು ನಕ್ಷೆಯಾದರೂ ಸಿಕ್ಕೀತು. ಅಜ್ಜಿಗೋ, ಕಾವೇರಿಯೇ ಬೇಕೆಂಬ ಆಸೆ ಇದ್ದಿರಬಹುದು. ಈ ಎರಡರಲ್ಲಿ ಯಾವುದನ್ನು ನಡೆಸಬೇಕು?

ಒಂದು ಹಿಡಿ ಹೊಳೆಗೆ

ಎರಡನ್ನೂ ನಡೆಸಬಹುದು ಎಂಬುದಕ್ಕೆ ನಮ್ಮಲ್ಲೇ ದೊಡ್ಡವರ ಉದಾಹರಣೆಗಳಿವೆ. ಗಾಂಧೀಜಿಯವರ ಚಿತಾಭಸ್ಮವನ್ನು 1948ರಲ್ಲಿ ದೇಶದ ಹಲವು ನದಿಗಳಿಗೆ ಹಂಚಿದರು. ಒಂದು ಪಾಲು ನಮ್ಮ ಪಶ್ಚಿಮವಾಹಿನಿಗೂ ಬಂತು. ಕಟಕ್‌ನ ಬ್ಯಾಂಕೊಂದರಲ್ಲಿ ಉಳಿದುಹೋಗಿದ್ದ ಪಾಲು ಪ್ರಯಾಗದ ಸಂಗಮ ಸೇರಿದ್ದು 1997ರ ಜನವರಿ 30ರಂದು. ಡರ್ಬನ್ ಬಳಿಯ ಕಡಲಿಗೆ ಇನ್ನೊಂದು ಪಾಲು ಬಿದ್ದದ್ದು 2010ರಲ್ಲಿ. ನೆಹರೂ 1954ರಲ್ಲಿ ಬರೆದ ಉಯಿಲಿನಲ್ಲಿ, ಒಂದು ಹಿಡಿ ಬೂದಿಯನ್ನು ಗಂಗೆಗೆ ಬಿಟ್ಟು ಹೆಚ್ಚಿನ ಪಾಲನ್ನು ವಿಮಾನದಿಂದ ರೈತರು ದುಡಿಯುವ ಹೊಲಗಳ ಮೇಲೆ ಚೆಲ್ಲಬೇಕೆಂದು ಕೋರಿದ್ದರು. 1964ರಲ್ಲಿ ಹಾಗೆಯೇ ನಡೆಯಿತು. ಹೊಳೆಗೆ ಹಿಡಿಯಷ್ಟು, ನೆಲಕ್ಕೆ ಉಳಿದದ್ದು.

ನಿಜಕ್ಕೂ ನೋಡಿದರೆ ಸಾಮಾನ್ಯರ ಮನೆಯಲ್ಲಿ ನಡೆಯುವುದೂ ಇದೇ. ಕುಡಿಕೆಯಲ್ಲಿ ನದಿಗೆ ಹೋಗುವುದು ಒಂದು ಹಿಡಿ. ಚಿತೆಯಲ್ಲಿ ಉಳಿದ ಬೂದಿಯ ಬಹುಪಾಲು ಅನೇಕ ಕಡೆ ಸ್ಮಶಾನದ ನೆಲದಲ್ಲೇ ಮಳೆಗೆ ಕರಗುತ್ತದೆ. ಅದನ್ನು ಯಾರೂ ವಿಚಾರಿಸುವುದಿಲ್ಲ. 2021ರ ಕೊರೊನಾ ಎರಡನೆಯ ಅಲೆ ಅದನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಭೋಪಾಲದ ಭದ್‌ಭದಾ ವಿಶ್ರಾಮ ಘಾಟಿನಲ್ಲಿ ಮನೆಯವರು ಅಸ್ಥಿ ಒಯ್ದ ಮೇಲೂ 21 ಲಾರಿಗಳಷ್ಟು ಬೂದಿ ಉಳಿದುಬಿಟ್ಟಿತು. ಅಷ್ಟನ್ನು ನದಿಗೆ ಸುರಿದರೆ ನೀರಿಗೆ ಕೇಡು. ಅಲ್ಲಿಯವರು ಸುಮಾರು 12,000 ಚದರ ಅಡಿ ನೆಲದಲ್ಲಿ ಮಣ್ಣಿನ ಜೊತೆಗೆ ಅದನ್ನು ಬೆರೆಸಿ ಸಸಿಗಳ ತೋಟವನ್ನೇ ಎಬ್ಬಿಸಲು ಹೊರಟರು. ಚಿತಾಗಾರದ ತೋಟವೆಂಬ ಕಲ್ಪನೆ ಹೀಗೆ ನಮ್ಮ ನೆಲಕ್ಕೂ ಬಂತು, ಬಹಳ ದುಃಖದ ದಾರಿಯಲ್ಲಿ.

ಅದೇ ವರ್ಷದ ಜೂನ್ ಮೊದಲ ವಾರ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಇನ್ನೊಂದು ನೋಟ. ಬೆಂಗಳೂರಿನ ಚಿತಾಗಾರಗಳಲ್ಲಿ ಕೊರೊನಾದಿಂದ ಸತ್ತು ಬೂದಿಯಾದವರ ಕುಡಿಕೆಗಳಲ್ಲಿ ಐದುನೂರಕ್ಕೂ ಹೆಚ್ಚನ್ನು ಒಯ್ಯಲು ಯಾರೂ ಬಂದಿರಲಿಲ್ಲ. ಅಂದಿನ ಕಂದಾಯ ಸಚಿವ ಆರ್. ಅಶೋಕ ಸರ್ಕಾರದ ಪರವಾಗಿ ಅವುಗಳನ್ನು ವಿಧಿಪೂರ್ವಕ ನದಿಗೆ ಬಿಟ್ಟರು. ಬಾರದವರಲ್ಲಿ ಹಲವರು ತಾವೇ ಹಾಸಿಗೆ ಹಿಡಿದಿದ್ದಿರಬಹುದು, ಹಲವರಿಗೆ ಬರುವ ದಾರಿಯೇ ಇರಲಿಲ್ಲವೇನೋ. ಆ ಮನೆಗಳ ಮಕ್ಕಳಿಗೆ ಇಂದು ಹೋಗಿ ನಿಲ್ಲಲು ಬೆಳಕವಾಡಿಯ ಹೊಳೆದಂಡೆಯಾದರೂ ಇದೆ.

ಕೇಳಿಟ್ಟುಕೊಳ್ಳಬೇಕಾದ್ದು

ಹೊರದೇಶದಲ್ಲಿ ಮಕ್ಕಳಿರುವವರು, ಅಲ್ಲೇ ಮುಪ್ಪು ಕಳೆಯುತ್ತಿರುವವರು ಕೆಲವು ಸಂಗತಿಗಳನ್ನು ಮೊದಲೇ ಗೊತ್ತುಮಾಡಿಕೊಂಡರೆ ಆಮೇಲಿನ ಪರದಾಟ ತಪ್ಪುತ್ತದೆ.

ಮೊದಲನೆಯದು, ಬೂದಿಯನ್ನು ಪಾಲು ಮಾಡಿ ಕೊಡಲು ಚಿತಾಗಾರದವರನ್ನು ಅಥವಾ ಅಂತ್ಯಕ್ರಿಯೆಯ ಸಂಸ್ಥೆಯವರನ್ನು ಕೇಳಬಹುದು. ಹರಡುವ ಮುಂಚೆ ಕೇಳಬೇಕು, ಅಷ್ಟೆ. ಎರಡನೆಯದು, ಅವಸರವಿಲ್ಲ. ಮನೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ಆಮೇಲೆ ತೀರ್ಮಾನಿಸುವವರು ಬ್ರಿಟನ್ನಿನಲ್ಲಿ ಬಹಳ ಮಂದಿ. ನಮ್ಮಲ್ಲಿ ಕುಡಿಕೆಯನ್ನು ಮನೆಯೊಳಗೆ ತರಬಾರದೆಂಬ ನಂಬಿಕೆಯವರು ಅಂತ್ಯಕ್ರಿಯೆಯ ಸಂಸ್ಥೆಯಲ್ಲೇ ಕೆಲಕಾಲ ಇಡಿಸುವ ಬಗ್ಗೆ ವಿಚಾರಿಸಬಹುದು. ಮೂರನೆಯದು, ಭಾರತಕ್ಕೆ ತರುವುದಾದರೆ ಮರಣ ಪತ್ರ, ದಹನದ ಪತ್ರ, ಭಾರತೀಯ ಹೈಕಮಿಷನ್ನಿನ ಕಾಗದ ಬೇಕಾಗುತ್ತವೆ. ವಿಮಾನ ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆ. ಲೋಹದ ಕುಡಿಕೆಯೊಳಗೆ ಎಕ್ಸ್‌ರೇ ಹಾಯುವುದಿಲ್ಲವಾದ್ದರಿಂದ ಮರದ್ದೋ ರಟ್ಟಿನದೋ ಪೆಟ್ಟಿಗೆ ವಾಸಿ. ನಾಲ್ಕನೆಯದು, ಅಲ್ಲಿಯ ನದಿಗೇ ಬಿಡುವುದಾದರೆ ಅದಕ್ಕೂ ಅಡ್ಡಿಯಿಲ್ಲ. ಕುಡಿಯುವ ನೀರೆತ್ತುವ ಜಾಗದಿಂದ ದೂರವಿರಬೇಕು, ಗಾಳಿಯಿಲ್ಲದ ದಿನ ನೀರಿನ ಮಟ್ಟಕ್ಕೆ ಬಾಗಿ ಬಿಡಬೇಕು, ಪ್ಲಾಸ್ಟಿಕ್ ಹಾರ ತುರಾಯಿ ಎಸೆಯಬಾರದು ಎಂದು ಇಂಗ್ಲೆಂಡಿನ ಪರಿಸರ ಇಲಾಖೆ ತಿಳಿಸುತ್ತದೆ. ಲೆಸ್ಟರ್ ಸೀಮೆಯ ಸೋರ್ ನದಿಯಲ್ಲಿ ಹಿಂದೂಗಳೂ ಸಿಖ್ಖರೂ ದೋಣಿಯಲ್ಲಿ ಹೋಗಿ ಅಸ್ಥಿ ಬಿಡುವುದು ರೂಢಿಯಾಗಿದೆ.

ಇನ್ನು ತೋಟವನ್ನೇ ಆರಿಸಿಕೊಂಡರೆ: ಯಾವ ಭಾಗ, ಯಾವ ದಿನ, ನಾವು ಜೊತೆಗೆ ನಿಲ್ಲಬಹುದೇ, ಫಲಕದ ಅವಧಿ ಎಷ್ಟು, ಸ್ಮರಣೆಯ ಪುಸ್ತಕದಲ್ಲಿ ಹೆಸರು ಬರೆಸಲು ಏನು ಮಾಡಬೇಕು, ವಿಳಾಸ ಬದಲಾದರೆ ಯಾರಿಗೆ ತಿಳಿಸಬೇಕು. ಈ ಪ್ರಶ್ನೆಗಳಿಗೆ ಉತ್ತರ ಬರೆಸಿಕೊಂಡು ಮಕ್ಕಳ ಕೈಗೂ ಒಂದು ಪ್ರತಿ ಕೊಡಬೇಕು.

ಎಲ್ಲಕ್ಕಿಂತ ಮೊದಲು ಕೇಳಬೇಕಾದವರು ಇನ್ನೂ ನಮ್ಮ ಮುಂದೆಯೇ ಕಾಫಿ ಕುಡಿಯುತ್ತ ಕೂತಿರುವವರು. ‘ಅಮ್ಮಾ, ನಿನಗೆ ಎಲ್ಲಿ ಇಷ್ಟ?’ ಎಂದು ಕೇಳುವುದು ಅಪಶಕುನವೆಂದು ನಾವು ನಾಲಿಗೆ ಕಚ್ಚಿಕೊಳ್ಳುತ್ತೇವೆ. ಬಿಡ್ತು ಅನ್ನು ಎನ್ನುವ ಹಿರಿಯರೇ ಒಂದು ಘಳಿಗೆ ಸುಮ್ಮನಿದ್ದು ಉತ್ತರವನ್ನೂ ಕೊಡುತ್ತಾರೆ. ಎಷ್ಟೋ ಸಲ ಅವರು ಅದನ್ನು ಆಗಲೇ ಯೋಚಿಸಿ ಇಟ್ಟುಕೊಂಡಿರುತ್ತಾರೆ. ಕೇಳುವವರಿಲ್ಲದೆ ಹೇಳಿರುವುದಿಲ್ಲ.